ಅನ್ನನಾಳದ ಕ್ಯಾನ್ಸರ್: ತೂತಿನ ಅಳತೆಗಿಂತ ಮೊದಲು ಕೇಳಬೇಕಾದ್ದು

ಒಂದು ದಿನ ಪತ್ರಿಕೆಯಲ್ಲಿ ರೋಬೋಟ್ ಬಳಸಿ ಅನ್ನನಾಳದ ಕ್ಯಾನ್ಸರ್ ತೆಗೆದ ಸುದ್ದಿ ಬರುತ್ತದೆ. ಇನ್ನೊಂದು ದಿನ, ಕೀಹೋಲ್ ಆಪರೇಷನ್, ಅಂದರೆ ದೊಡ್ಡದಾಗಿ ಕೊಯ್ಯದೆ ಸಣ್ಣ ತೂತುಗಳಲ್ಲಿ ಮಾಡುವ ಆಪರೇಷನ್, ಆದವರು ಬೇಗ ಚೇತರಿಸಿಕೊಂಡದ್ದೇನೂ ಕಾಣಲಿಲ್ಲ ಎಂಬ ಅಧ್ಯಯನದ ಸುದ್ದಿ. ಅಷ್ಟರಲ್ಲಿ ವಾಟ್ಸಾಪಿನಲ್ಲಿ ಮೂರನೆಯದು ಬಂದಿರುತ್ತದೆ: ‘ಈ ಕ್ಯಾನ್ಸರಿಗೆ ಇನ್ನು ಆಪರೇಷನ್ನೇ ಬೇಡವಂತೆ.’ ವಿಚಿತ್ರ ಎಂದರೆ ಮೂರಕ್ಕೂ ಆಧಾರ ಇದೆ. ಆದರೆ ಮೂರೂ ಬೇರೆ ಬೇರೆ ಪ್ರಶ್ನೆಗೆ ಸಿಕ್ಕ ಉತ್ತರಗಳು. ಒಟ್ಟಿಗೆ ಓದಿದವರಿಗೆ ತಲೆ ಕೆಡುವುದು ಸಹಜ.

ಉತ್ತರ ಕನ್ನಡದವರಿಗೆ ಇದು ಸುಮ್ನೆ ಓದಿ ಮರೆಯುವ ಸುದ್ದಿಯಲ್ಲ. ಇಲ್ಲಿ ದೊಡ್ಡ ಆಪರೇಷನ್ ಎಂದ ಕೂಡಲೇ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ‘ಎಲ್ಲಿಗೆ ಕರೆದುಕೊಂಡು ಹೋಗುವುದು’. ಭಟ್ಕಳ, ಹೊನ್ನಾವರದವರು ಮಣಿಪಾಲ, ಮಂಗಳೂರಿನ ಕಡೆ ನೋಡುತ್ತಾರೆ. ಶಿರಸಿ, ಯಲ್ಲಾಪುರ, ಹಳಿಯಾಳದವರು ಹುಬ್ಬಳ್ಳಿ, ಧಾರವಾಡದ ಕಡೆ. ಕಾರವಾರದವರಿಗೆ ಗೋವಾದ ಬಾಂಬೋಳಿ ಆಸ್ಪತ್ರೆಯೇ ಹತ್ತಿರ. ಬೆಂಗಳೂರಿನ ಕಿದ್ವಾಯಿಗೋ ರೈಲು ಹತ್ತಿ ಮುಂಬೈನ ಟಾಟಾ ಆಸ್ಪತ್ರೆಗೋ ಹೋಗುವವರೂ ಇದ್ದಾರೆ. ಈಗ ಅದರ ಮೇಲೆ ಇನ್ನೊಂದು ಪ್ರಶ್ನೆ ಬಂದು ಕೂತಿದೆ. ಕೊಯ್ದು ಮಾಡುವವರ ಹತ್ತಿರ ಹೋಗಬೇಕಾ, ತೂತಿನಲ್ಲಿ ಮಾಡುವವರ ಹತ್ತಿರವಾ, ಇಲ್ಲಾ ರೋಬೋಟ್ ಇರುವಲ್ಲಿಗಾ?

ಒಳಗೆ ಏನು ಮಾಡುತ್ತಾರೆ

ಅನ್ನನಾಳ ಒಂದು ಗೇಣಿಗಿಂತ ಸ್ವಲ್ಪ ಉದ್ದದ ಕೊಳವೆ, ಸುಮಾರು 25 ಸೆಂಟಿಮೀಟರ್. ಕುತ್ತಿಗೆಯಲ್ಲಿ ಶುರುವಾಗಿ, ಉಸಿರುನಾಳದ ಹಿಂದೆ, ಹೃದಯದ ಬೆನ್ನಿಗೆ ಒತ್ತಿಕೊಂಡು, ದೇಹದ ಅತಿ ದೊಡ್ಡ ರಕ್ತನಾಳದ ಪಕ್ಕದಲ್ಲೇ ಇಳಿದು ಹೊಟ್ಟೆ ಸೇರುತ್ತದೆ. ಅಲ್ಲಿ ಕ್ಯಾನ್ಸರ್ ಆದರೆ ಗಡ್ಡೆ ಇರುವ ತುಂಡನ್ನು ಮಾತ್ರ ಕತ್ತರಿಸಿ ತುದಿಗಳನ್ನು ಹೊಲಿಯಲು ಆಗುವುದಿಲ್ಲ. ಅನ್ನನಾಳದ ಹೆಚ್ಚಿನ ಭಾಗವನ್ನು, ಸುತ್ತಲಿನ ಲಿಂಫ್ ಗ್ರಂಥಿಗಳ ಸಮೇತ, ತೆಗೆಯುತ್ತಾರೆ. ಆಮೇಲೆ ಜಠರವನ್ನೇ ಉದ್ದಕ್ಕೆ ಕತ್ತರಿಸಿ ಕೊಳವೆಯ ಹಾಗೆ ಮಾಡಿ, ಎದೆಗೋ ಕುತ್ತಿಗೆಗೋ ಎಳೆದು, ಉಳಿದ ತುದಿಗೆ ಜೋಡಿಸುತ್ತಾರೆ. ಆ ಜೋಡಣೆ ಸೋರಿದರೆ ಎದೆಯೊಳಗೆ ಸೋಂಕು. ಈ ಆಪರೇಷನ್ನಿನಲ್ಲಿ ವೈದ್ಯರು ಅತಿ ಹೆಚ್ಚು ಹೆದರುವುದು ಆ ಜಾಗಕ್ಕೆ.

ಹಳೆಯ ಪದ್ಧತಿಯಲ್ಲಿ ಇದಕ್ಕೆ ಎರಡು ದೊಡ್ಡ ಗಾಯ ಬೇಕು. ಒಂದು ಹೊಟ್ಟೆಯಲ್ಲಿ, ಇನ್ನೊಂದು ಎದೆಯ ಪಕ್ಕದಲ್ಲಿ ಪಕ್ಕೆಲುಬು ಅಗಲಿಸಿ. ಪಕ್ಕೆಲುಬು ಅಗಲಿಸಿದ ನೋವು ಎಂಥದ್ದೆಂದರೆ ರೋಗಿಗೆ ಕೆಮ್ಮಲು ಆಗುವುದಿಲ್ಲ. ಕೆಮ್ಮದಿದ್ದರೆ ಕಫ ಒಳಗೇ ನಿಲ್ಲುತ್ತದೆ. ನಿಂತ ಕಫದಿಂದ ನ್ಯುಮೋನಿಯಾ. ಹೀಗೆ ಅನ್ನನಾಳದ ಆಪರೇಷನ್ ಆದವರನ್ನು ಐಸಿಯುನಲ್ಲಿ ಕಾಡುವುದು ಬಹಳ ಸಲ ಶ್ವಾಸಕೋಶ. ಗಾಯ ಚಿಕ್ಕದಾಗಲಿ ಎಂಬ ಸಂಶೋಧನೆ ಹುಟ್ಟಿದ್ದು ಅಂದಕ್ಕಲ್ಲ, ಈ ಕೆಮ್ಮಿಗಾಗಿ ಎನ್ನಬಹುದು.

ಕೀಹೋಲ್ ಪದ್ಧತಿಯಲ್ಲಿ ಅರ್ಧ ಇಂಚಿನ ಆಸುಪಾಸಿನ ನಾಲ್ಕೈದು ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಸಲಕರಣೆ ಇಳಿಸುತ್ತಾರೆ. ಜನ ಇದನ್ನೇ ‘ಲೇಸರ್ ಆಪರೇಷನ್’ ಎನ್ನುವುದುಂಟು, ಆದರೆ ಇಲ್ಲಿ ಲೇಸರ್ ಏನೂ ಇಲ್ಲ. ಹೊಟ್ಟೆಯ ಕ್ಯಾನ್ಸರಿಗೆ 1991ರಲ್ಲಿ ಜಪಾನಿನ ಸೆಯಿಗೊ ಕಿತಾನೊ ಮೊದಲ ಬಾರಿ ಹೀಗೆ ಮಾಡಿದರು. 1992ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಆಲ್ಫ್ರೆಡ್ ಕುಶಿಯೇರಿ ಅನ್ನನಾಳಕ್ಕೂ ಇದನ್ನು ತಂದರು. ನಮ್ಮ ಪಕ್ಕದ ಕೊಯಮತ್ತೂರಿಗೂ ಈ ಕಥೆಯಲ್ಲಿ ಪಾಲಿದೆ. ರೋಗಿಯನ್ನು ಬೋರಲಾಗಿ ಮಲಗಿಸಿದರೆ ಶ್ವಾಸಕೋಶ ತನ್ನ ಭಾರಕ್ಕೆ ತಾನೇ ಕೆಳಗೆ ಜಾರುತ್ತದೆ, ಅನ್ನನಾಳ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಹೀಗೆ ಮಾಡಿದ 130 ರೋಗಿಗಳ ಅನುಭವವನ್ನು ಡಾ. ಸಿ. ಪಳನಿವೇಲು 2006ರಲ್ಲಿ ಪ್ರಕಟಿಸಿದರು. ಆಮೇಲೆ ಯುರೋಪಿನವರೂ ಈ ಬೋರಲು ಭಂಗಿಯನ್ನು ತಮ್ಮ ಪರೀಕ್ಷೆಯಲ್ಲಿ ಬಳಸಿಕೊಂಡರು.

ಫ್ರಾನ್ಸಿನಲ್ಲಿ ಗೆದ್ದದ್ದು ಬ್ರಿಟನ್ನಿನಲ್ಲಿ ಏಕೆ ಗೆಲ್ಲಲಿಲ್ಲ

ಆ ಪರೀಕ್ಷೆಯ ಹೆಸರು ಟೈಮ್. ಫಲಿತಾಂಶ ಬಂದದ್ದು 2012ರಲ್ಲಿ. ಮೂರು ದೇಶಗಳ 115 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಕೊಯ್ದು ಆಪರೇಷನ್ ಆದ 56 ಜನರಲ್ಲಿ 16 ಜನರಿಗೆ ಮೊದಲ ಎರಡು ವಾರದಲ್ಲಿ ಶ್ವಾಸಕೋಶದ ಸೋಂಕಾಯಿತು. ಕೀಹೋಲ್ ಆದ 59 ಜನರಲ್ಲಿ ಆದದ್ದು ಐದೇ ಜನರಿಗೆ. ಮೂರು ವರ್ಷದ ನಂತರ ಎಷ್ಟು ಜನ ಬದುಕಿದ್ದರು ಎಂದು ನೋಡಿದಾಗ ಮಾತ್ರ ಎರಡು ಗುಂಪಿನ ನಡುವೆ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಇರಲಿಲ್ಲ. ಅಂದರೆ ಆಸ್ಪತ್ರೆಯ ದಿನಗಳು ಸಲೀಸಾದವು, ಕ್ಯಾನ್ಸರಿನ ಹಣೆಬರಹ ಬದಲಾಗಲಿಲ್ಲ.

2019ರಲ್ಲಿ ಫ್ರಾನ್ಸಿನ ಮಿರೋ ಪರೀಕ್ಷೆ ಬಂತು, 207 ರೋಗಿಗಳು. ಇಲ್ಲಿ ಮಾಡಿದ್ದು ಮಿಶ್ರ ಪದ್ಧತಿ. ಹೊಟ್ಟೆಯ ಕೆಲಸ ಕೀಹೋಲಿನಲ್ಲಿ, ಎದೆಯ ಕೆಲಸ ಹಳೆಯ ಹಾಗೆ ಕೊಯ್ದು. ದೊಡ್ಡ ತೊಂದರೆ ಆದವರು ಕೊಯ್ದ ಗುಂಪಿನಲ್ಲಿ ಶೇ. 64, ಮಿಶ್ರ ಗುಂಪಿನಲ್ಲಿ ಶೇ. 36. ಇದು ಸಣ್ಣ ಅಂತರವಲ್ಲ. ಹಾಗಾಗಿ ಬ್ರಿಟನ್ನಿನವರು ರೋಮಿಯೋ ಎಂಬ ಹೆಸರಿನಲ್ಲಿ 500ಕ್ಕೂ ಹೆಚ್ಚು ರೋಗಿಗಳ ಮೇಲೆ ಹೆಚ್ಚುಕಡಿಮೆ ಇದೇ ಮಿಶ್ರ ಪದ್ಧತಿಯನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದಾಗ ಎಲ್ಲರೂ ಅದೇ ಉತ್ತರ ನಿರೀಕ್ಷಿಸಿದ್ದರು. ಬಂದದ್ದು ಬೇರೆ: ಮೊದಲ ಮೂರು ತಿಂಗಳ ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಯಾರಾದರೂ ಸುಳ್ಳು ಹೇಳಿದರಾ? ಇಲ್ಲ. ಮೊದಲನೆಯದಾಗಿ ಅಳತೆಗೋಲು ಬೇರೆ. ಫ್ರಾನ್ಸಿನವರು ಎಣಿಸಿದ್ದು ತೊಂದರೆಗಳನ್ನು. ಬ್ರಿಟನ್ನಿನವರು ರೋಗಿಯನ್ನೇ ಕೇಳಿದರು: ನಡೆಯಲು ಆಗುತ್ತದಾ, ದಿನದ ಕೆಲಸ ಮಾಡಿಕೊಳ್ಳಲು ಆಗುತ್ತದಾ? ನ್ಯುಮೋನಿಯಾ ಆಗದೇ ಮನೆಗೆ ಬಂದವರೂ ಅನ್ನನಾಳ ಕಳೆದುಕೊಂಡವರೇ. ಜಠರ ಈಗ ಎದೆಯಲ್ಲಿದೆ, ಒಂದು ಬಟ್ಟಲು ಗಂಜಿಗೇ ಹೊಟ್ಟೆ ತುಂಬುತ್ತದೆ, ತೂಕ ಇಳಿಯುತ್ತದೆ. ಆ ಸುಸ್ತಿಗೂ ಚರ್ಮದ ಮೇಲಿನ ಗಾಯದ ಉದ್ದಕ್ಕೂ ಸಂಬಂಧ ಕಡಿಮೆ.

ಎರಡನೆಯದು, ಕಾಲ ಬೇರೆ. ಫ್ರಾನ್ಸಿನ ರೋಗಿಗಳು ಪರೀಕ್ಷೆಗೆ ಸೇರಿದ್ದು 2009ರಿಂದ 2012ರ ನಡುವೆ. ಆಮೇಲಿನ ವರ್ಷಗಳಲ್ಲಿ ಕೊಯ್ದು ಮಾಡುವವರೂ ಸುಮ್ಮನೆ ಕೂರಲಿಲ್ಲ. ನೋವು ತಡೆಯುವ ಕ್ರಮ ಸುಧಾರಿಸಿತು, ಮರುದಿನವೇ ಎಬ್ಬಿಸಿ ನಡೆಸುವುದು ಬಂತು, ಆಪರೇಷನ್ನಿಗೆ ಮೊದಲೇ ಉಸಿರಾಟದ ಅಭ್ಯಾಸ ಮಾಡಿಸುವುದು ಬಂತು. ಹಳೆಯ ಪದ್ಧತಿಯೇ ಮೇಲಕ್ಕೆ ಬಂದರೆ ಹೊಸದರ ಲಾಭ ಚಿಕ್ಕದಾಗಿ ಕಾಣುತ್ತದೆ, ಅಲ್ವಾ?

ಇದರಿಂದ ಕೀಹೋಲ್ ದಂಡ ಎಂದು ತೀರ್ಮಾನಿಸಿದರೆ ಅದೂ ತಪ್ಪು. ಎದೆಯ ಕೆಲಸವನ್ನೂ ತೂತಿನಲ್ಲೇ ಮಾಡಿದಾಗ ಶ್ವಾಸಕೋಶಕ್ಕೆ ಸಿಗುವ ಲಾಭ ಟೈಮ್ ಪರೀಕ್ಷೆಯಲ್ಲಿ ಕಂಡದ್ದು. ಮಿಶ್ರ ಪದ್ಧತಿಯ ಫಲಿತಾಂಶ ಇಟ್ಟುಕೊಂಡು ಅದನ್ನು ಅಳಿಸಲು ಆಗುವುದಿಲ್ಲ. ಸುದ್ದಿಯ ತಲೆಬರಹದಲ್ಲಿ ‘ಕೀಹೋಲ್’ ಎಂಬ ಒಂದೇ ಪದ ಇರುತ್ತದೆ. ಒಳಗೆ ಎರಡು ಬೇರೆ ಆಪರೇಷನ್ನುಗಳಿವೆ.

ಹೊಟ್ಟೆಯ ಕ್ಯಾನ್ಸರಿನ ಲೆಕ್ಕ

ಕೀಹೋಲ್ ಮೊದಲು ಬಂದ ಹೊಟ್ಟೆಯ, ಅಂದರೆ ಜಠರದ, ಕ್ಯಾನ್ಸರಿನ ವಿಷಯದಲ್ಲಿ ಗೊಂದಲ ಕಡಿಮೆ. ಕೊರಿಯಾದವರು 1,416 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಐದು ವರ್ಷ ಬದುಕಿದವರು ಕೀಹೋಲ್ ಗುಂಪಿನಲ್ಲಿ ಶೇ. 94.2, ಕೊಯ್ದ ಗುಂಪಿನಲ್ಲಿ ಶೇ. 93.3. ಸಮ ಎಂದೇ ಅರ್ಥ. ಆದರೆ ಈ ಅಂಕಿ ನೋಡಿ ಖುಷಿಪಡುವ ಮೊದಲು ಒಂದು ಮಾತು. ಅವರೆಲ್ಲ ಮೊದಲ ಹಂತದ ರೋಗಿಗಳು. ಕೊರಿಯಾದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಸರ್ಕಾರವೇ ಹೊಟ್ಟೆಯ ತಪಾಸಣೆ ಮಾಡಿಸುತ್ತದೆ. ಅಲ್ಲಿ ಸಿಗುವ ಗಡ್ಡೆಗೂ ನಮ್ಮಲ್ಲಿ ವಾಂತಿ ಶುರುವಾದ ಮೇಲೆ ಸಿಗುವ ಗಡ್ಡೆಗೂ ಹೋಲಿಕೆಯಿಲ್ಲ. ಬೆಳೆದ ಗಡ್ಡೆಗಳ ಬಗ್ಗೆ ಚೀನಾದವರು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷೆ ಮಾಡಿದರು. ಮೂರು ವರ್ಷ ರೋಗ ಮರಳದೆ ಇದ್ದವರು ಕೀಹೋಲ್ ಗುಂಪಿನಲ್ಲಿ ಶೇ. 76.5, ಕೊಯ್ದ ಗುಂಪಿನಲ್ಲಿ ಶೇ. 77.8. ಅಲ್ಲೂ ಸಮವೇ, ಆದರೆ ಕೈ ಪಳಗಿದ ವೈದ್ಯರನ್ನೇ ಆರಿಸಿ ಮಾಡಿಸಿದ್ದು.

ಹೊಟ್ಟೆಯ ಕ್ಯಾನ್ಸರಿನಲ್ಲಿ ಕೀಹೋಲಿನ ಒಂದು ಉಪಯೋಗದ ಬಗ್ಗೆ ಯಾರಿಗೂ ತಕರಾರಿಲ್ಲ, ಆದರೆ ಅದು ಸುದ್ದಿಯಾಗುವುದೂ ಇಲ್ಲ. ಹೊಟ್ಟೆಯ ಒಳಪೊರೆಗೆ ಸಾಸಿವೆಯ ಹಾಗೆ ಹರಡಿದ ಕ್ಯಾನ್ಸರ್ ಸಿಟಿ ಸ್ಕ್ಯಾನಿನಲ್ಲಿ ಕಾಣದೇ ಹೋಗಬಹುದು. ದೊಡ್ಡ ಆಪರೇಷನ್ನಿಗೆ ಮೊದಲು ಕ್ಯಾಮೆರಾ ಇಳಿಸಿ ನೋಡಿದರೆ ಅದು ಗೊತ್ತಾಗುತ್ತದೆ. ಹರಡಿದ್ದರೆ ಹೊಟ್ಟೆ ಕೊಯ್ದು ಪ್ರಯೋಜನವಿಲ್ಲ, ಕೀಮೋ ಕೊಡಬೇಕು. ಉಪಯೋಗವಿಲ್ಲದ ಗಾಯ ಒಂದು ತಪ್ಪುತ್ತದೆ.

ರೋಬೋಟ್ ಯಾರ ಜೊತೆ ಓಡಿ ಗೆದ್ದಿತು

ರೋಬೋಟ್ ತಾನಾಗಿ ಆಪರೇಷನ್ ಮಾಡುವುದಿಲ್ಲ. ವೈದ್ಯರು ಪಕ್ಕದ ಯಂತ್ರದ ಮುಂದೆ ಕೂತು ಕೈ ಆಡಿಸುತ್ತಾರೆ, ರೋಗಿಯ ಒಳಗಿರುವ ಸಲಕರಣೆ ಮಣಿಕಟ್ಟಿನ ಹಾಗೆ ತಿರುಗುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಇದು ನಿಜವಾಗಿ ಅನುಕೂಲ.

ರೋಬೋಟ್ ಪರ ಹೆಚ್ಚು ಕೇಳಿಬರುವ ಸಾಕ್ಷಿ ನೆದರ್ಲೆಂಡ್ಸಿನ 2019ರ ಪರೀಕ್ಷೆ. 112 ರೋಗಿಗಳಲ್ಲಿ, ತೊಂದರೆ ಆದವರು ಕೊಯ್ದ ಗುಂಪಿನಲ್ಲಿ ಶೇ. 80, ರೋಬೋಟ್ ಗುಂಪಿನಲ್ಲಿ ಶೇ. 59. ಗಮನಿಸಿ, ಅದು ಓಡಿದ್ದು ಕೊಯ್ಯುವ ಪದ್ಧತಿಯ ಜೊತೆ. ಮಾಮೂಲಿ ಕೀಹೋಲಿನ ಜೊತೆ ಓಡಿಸಿ ನೋಡಿದ್ದು ಚೀನಾದವರು, 358 ರೋಗಿಗಳಲ್ಲಿ, 2022ರಲ್ಲಿ ಪ್ರಕಟವಾಯಿತು. ರೋಬೋಟ್ ಆಪರೇಷನ್ ಸುಮಾರು 40 ನಿಮಿಷ ಬೇಗ ಮುಗಿಯಿತು, ಧ್ವನಿಪೆಟ್ಟಿಗೆಯ ನರದ ಪಕ್ಕದ ಗ್ರಂಥಿಗಳನ್ನು ತೆಗೆಯುವುದು ಸುಲಭವಾಯಿತು. ಆದರೆ ತೊಂದರೆಗಳ ಪ್ರಮಾಣದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ.

ಜಾಹೀರಾತಿಗೆ ಮೊದಲನೆಯ ಅಂಕಿ ಚಂದ. ದುಡ್ಡು ಕೊಡುವವರಿಗೆ ಬೇಕಾದ್ದು ಎರಡನೆಯದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ರೋಬೋಟ್ ಬಿಲ್ಲಿನಲ್ಲಿ ಇದಕ್ಕೆ ಹೊರತಾದದ್ದು ಎಷ್ಟು ಎಂದು ಬರೆಸಿಕೊಂಡೇ ಮುಂದೆ ಹೋಗಬೇಕು. ತೋಟ ಅಡ ಇಡುವಷ್ಟು ದೊಡ್ಡ ಅಂತರ ರೋಬೋಟಿಗೂ ಮಾಮೂಲಿ ಕೀಹೋಲಿಗೂ ನಡುವೆ ಸದ್ಯಕ್ಕೆ ಕಂಡಿಲ್ಲ.

ಕೈ ಪಳಗಲು ಎಷ್ಟು ಜನ ಬೇಕು

ಈಗ ನಿಜವಾಗಿ ಅಂತರ ಇರುವ ಜಾಗಕ್ಕೆ ಬರೋಣ. 2002ರಲ್ಲಿ ಅಮೆರಿಕದ ಆಸ್ಪತ್ರೆಗಳ ಲೆಕ್ಕ ಹಾಕಿದಾಗ, ಅನ್ನನಾಳದ ಆಪರೇಷನ್ನನ್ನು ತೀರಾ ಅಪರೂಪಕ್ಕೆ ಮಾಡುವ ಆಸ್ಪತ್ರೆಗಳಲ್ಲಿ ಅದರಿಂದಲೇ ಸತ್ತವರು ನೂರಕ್ಕೆ ಸುಮಾರು 20. ವರ್ಷಕ್ಕೆ 20ರ ಮೇಲೆ ಮಾಡುವ ಆಸ್ಪತ್ರೆಗಳಲ್ಲಿ ಸುಮಾರು 8. ಅಂದಿನಿಂದ ಸಾವಿನ ಪ್ರಮಾಣ ಎಲ್ಲೆಡೆ ಇಳಿದಿದೆ. ಆದರೂ ಹೆಚ್ಚು ಮಾಡುವವರಿಗೂ ಕಡಿಮೆ ಮಾಡುವವರಿಗೂ ನಡುವಿನ ಅಂತರ ಮತ್ತೆ ಮತ್ತೆ ಕಂಡಿದೆ. ನೆದರ್ಲೆಂಡ್ಸ್ ಇದನ್ನು ನಿಯಮವಾಗಿಯೇ ಮಾಡಿತು. 2011ರಿಂದ ಅಲ್ಲಿ ವರ್ಷಕ್ಕೆ ಕನಿಷ್ಠ 20 ಆಪರೇಷನ್ ಮಾಡದ ಆಸ್ಪತ್ರೆ ಅನ್ನನಾಳಕ್ಕೆ ಕೈ ಹಾಕುವಂತಿಲ್ಲ.

ಕಾರಣ ವೈದ್ಯರ ಕೈ ಒಂದೇ ಅಲ್ಲ. ಜೋಡಣೆ ಸೋರಿದ್ದನ್ನು ನಾಲ್ಕನೆಯ ದಿನದ ಸಣ್ಣ ಜ್ವರದಲ್ಲೇ ಅನುಮಾನಿಸುವ ನರ್ಸ್, ರಾತ್ರಿ ಎರಡು ಗಂಟೆಗೆ ಸಿಟಿ ಮಾಡಿ ಓದುವವರು, ಒಂದೇ ಶ್ವಾಸಕೋಶಕ್ಕೆ ಉಸಿರು ಕೊಟ್ಟು ಇನ್ನೊಂದನ್ನು ಸುಮ್ಮನಿರಿಸಬಲ್ಲ ಅರಿವಳಿಕೆ ವೈದ್ಯರು, ಇವರೆಲ್ಲ ಬೇಕು. ವರ್ಷಕ್ಕೆ ಮೂರು ಕೇಸು ನೋಡುವ ಕಡೆ ಈ ಕಣ್ಣು ಬೆಳೆಯುವುದಿಲ್ಲ.

ಕೀಹೋಲ್ ಬಂದ ಮೇಲೆ ಈ ಸಮಸ್ಯೆ ಇನ್ನೂ ಬಿಗಿಯಾಯಿತು. ಪೂರ್ತಿ ಕೀಹೋಲ್ ಪದ್ಧತಿಗೆ ಹೊಸದಾಗಿ ಇಳಿದ ಯುರೋಪಿನ ಆಸ್ಪತ್ರೆಗಳನ್ನು ಗಮನಿಸಿದ ಒಂದು ಅಧ್ಯಯನದಲ್ಲಿ, ಶುರುವಿನಲ್ಲಿ ಶೇ. 18.8 ಇದ್ದ ಸೋರಿಕೆ ಶೇ. 4.5ಕ್ಕೆ ಇಳಿಯಲು 119 ಆಪರೇಷನ್ ಬೇಕಾಯಿತು. ಆ ಕಲಿಕೆಯ ಬೆಲೆ ತೆತ್ತವರು ಮೊದಲ ನೂರ ಹತ್ತೊಂಬತ್ತರಲ್ಲಿದ್ದ ರೋಗಿಗಳು. ಪಳಗಿದ ಕೈಯ ದೊಡ್ಡ ಗಾಯ ಪಳಗದ ಕೈಯ ಸಣ್ಣ ತೂತಿಗಿಂತ ಮೇಲು ಎಂದು ಹಿರಿಯ ಸರ್ಜನ್ನರು ಹೇಳುವುದು ಇದಕ್ಕೇ.

ಸೂಪರ್ ಸ್ಪೆಷಾಲಿಟಿ ಬಂದರೆ ಇದೂ ಬರಬೇಕೇ?

ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ಹಳೆಯದು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲಿನಲ್ಲಿ ಬಡಿದು ನಾಲ್ವರು ತೀರಿಕೊಂಡ ಮೇಲೆ ಅದು ಇನ್ನಷ್ಟು ಗಟ್ಟಿಯಾಯಿತು. 2024ರ ಜುಲೈಯಲ್ಲಿ ಇನ್ನೊಂದು ಶಿರೂರಿನಲ್ಲಿ, ಅಂಕೋಲಾದ ಶಿರೂರಿನಲ್ಲಿ, ಗುಡ್ಡ ಕುಸಿದು ಹೆದ್ದಾರಿಯೇ ಬಂದಾಯಿತು. ಅಪಘಾತ, ಹೃದಯಾಘಾತ, ಪಾರ್ಶ್ವವಾಯುವಿನಲ್ಲಿ ನಿಮಿಷ ಎಣಿಸಬೇಕು. ಅವಕ್ಕೆ ಆಸ್ಪತ್ರೆ ಹತ್ತಿರ ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಅನ್ನನಾಳದ ಆಪರೇಷನ್ನಿಗೆ ಮಾತ್ರ ಈ ವಾದ ಹಾಗೆಯೇ ಹೊಂದುವುದಿಲ್ಲ. ಒಂದು ಒರಟು ಲೆಕ್ಕ ಹಾಕೋಣ. ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಹೊಸದಾಗಿ ಪತ್ತೆಯಾದ ಅನ್ನನಾಳದ ಕ್ಯಾನ್ಸರ್ ಸುಮಾರು 70 ಸಾವಿರ. 2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಜನಸಂಖ್ಯೆ 14.37 ಲಕ್ಷ. ದೇಶದ ಸರಾಸರಿಯನ್ನೇ ಹಿಡಿದರೆ ಇಡೀ ಜಿಲ್ಲೆಗೆ ವರ್ಷಕ್ಕೆ ಎಪ್ಪತ್ತು ಎಂಬತ್ತು ಜನ. ಅವರಲ್ಲಿ ಮೂರರಲ್ಲಿ ಒಬ್ಬರು ಆಪರೇಷನ್ ಮಾಡುವ ಹಂತದಲ್ಲಿದ್ದಾರೆ ಎಂದಿಟ್ಟುಕೊಂಡರೂ ಇಪ್ಪತ್ತೈದರ ಆಸುಪಾಸು. ಭಟ್ಕಳದಿಂದ ಜೋಯಿಡಾದವರೆಗೆ ಎಲ್ಲರೂ ತಪ್ಪದೆ ಒಂದೇ ಆಸ್ಪತ್ರೆಗೆ ಬಂದರೆ ಮಾತ್ರ ನೆದರ್ಲೆಂಡ್ಸಿನ ಕನಿಷ್ಠ ಗೆರೆ ಮುಟ್ಟುತ್ತದೆ. ಹಾಗೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಈ ಒಂದು ಆಪರೇಷನ್ನಿಗೆ ಘಟ್ಟ ಹತ್ತಿ ಹೋಗುವುದೇ ಮೇಲು.

ದೂರ ಹೋಗಲೇಬೇಕಾದ್ದು ಆಪರೇಷನ್ನಿಗೆ. ಅದರ ಮೊದಲಿನದಕ್ಕೂ ಆಮೇಲಿನದಕ್ಕೂ ಹೋಗಬೇಕಾಗಿ ಬರುವುದು ನಮ್ಮ ತೊಂದರೆ. ಕೀಮೋ ಮತ್ತು ರೇಡಿಯೇಷನ್, ಅಂದರೆ ಜನ ‘ಕರೆಂಟ್ ಕೊಡುವುದು’ ಎನ್ನುವ ಚಿಕಿತ್ಸೆ, ಇವೆರಡನ್ನು ಆಪರೇಷನ್ನಿಗೆ ಮೊದಲು ಕೊಟ್ಟರೆ ಎಷ್ಟು ವ್ಯತ್ಯಾಸ ಎಂದು 2012ರಲ್ಲಿ ನೆದರ್ಲೆಂಡ್ಸಿನ ಕ್ರಾಸ್ ಪರೀಕ್ಷೆ ತೋರಿಸಿತು. ರೋಗಿಗಳಲ್ಲಿ ಅರ್ಧದಷ್ಟು ಜನ ಬದುಕಿದ್ದ ಅವಧಿ 24 ತಿಂಗಳಿಂದ 49 ತಿಂಗಳಿಗೆ ಏರಿತು. ತೂತಿನ ಗಾತ್ರ ಬದಲಿಸಿದ ಯಾವ ಪರೀಕ್ಷೆಯಲ್ಲೂ ಆಯುಷ್ಯ ಹೀಗೆ ದುಪ್ಪಟ್ಟಾಗಿಲ್ಲ. ಆದರೆ ಆ ಕ್ರಮದಲ್ಲಿ ರೇಡಿಯೇಷನ್ 23 ದಿನ, ಹೆಚ್ಚುಕಡಿಮೆ ಐದು ವಾರ. ಸಿದ್ದಾಪುರದ ರೋಗಿ ಅಷ್ಟು ದಿನ ಹುಬ್ಬಳ್ಳಿಗೆ ಹೋಗಿ ಬರುವುದಾಗುವುದಿಲ್ಲ. ರೂಮು ಹಿಡಿಯಬೇಕು, ಜೊತೆಗೊಬ್ಬರು ನಿಲ್ಲಬೇಕು, ಅಡಿಕೆ ಕೊನೆ ಕೊಯ್ಲಿನ ಹೊತ್ತಾದರೆ ತೋಟ ನೋಡುವವರು ಬೇಕು. ‘ಅದೆಲ್ಲ ಬೇಡ, ನೇರ ಆಪರೇಷನ್ ಮಾಡಿಬಿಡಿ’ ಎಂದು ಮನೆಯವರು ಕೇಳುವುದು ಇಂಥ ಹೊತ್ತಿನಲ್ಲಿ.

ಅನ್ನ ಇಳಿಯದ ತಿಂಗಳುಗಳು

ಅನ್ನನಾಳ ಹಿಗ್ಗುವ ಕೊಳವೆ. ಗಡ್ಡೆ ಅರ್ಧಕ್ಕಿಂತ ಹೆಚ್ಚು ಮುಚ್ಚುವವರೆಗೂ ಅದು ಹೇಗೋ ಸುಧಾರಿಸಿಕೊಳ್ಳುತ್ತದೆ. ಮೊದಲು ಚಪಾತಿ ಎದೆಯಲ್ಲಿ ನಿಂತ ಹಾಗಾಗುತ್ತದೆ. ಕುಚ್ಚಲಕ್ಕಿ ಅನ್ನಕ್ಕೆ ನೀರು ಕುಡಿಯಬೇಕಾಗುತ್ತದೆ. ಆಮೇಲೆ ಗಂಜಿ ಮಾತ್ರ. ಈ ಹೊತ್ತಿನಲ್ಲಿ ನಮ್ಮಲ್ಲಿ ನಡೆಯುವುದು ಪಿತ್ತದ ಔಷಧ, ಜೀರಿಗೆ ಕಷಾಯ, ಮುರುಗಲು ನೀರು, ಮೆಡಿಕಲ್ ಅಂಗಡಿಯ ಗ್ಯಾಸ್ ಮಾತ್ರೆ. ಮಾತ್ರೆಯಿಂದ ಉರಿ ಕಡಿಮೆಯಾಗುವುದೂ ಉಂಟು, ಅದೇ ಅಪಾಯ. ತಿಂಗಳುಗಳು ಹೋಗುತ್ತವೆ, ತೂಕವೂ ಹೋಗುತ್ತದೆ. ಆಮೇಲೆ ಯಾವ ಪದ್ಧತಿ ಎಂಬ ಆಯ್ಕೆಯೇ ಉಳಿಯುವುದಿಲ್ಲ. ತೀರಾ ಬೇಗ ಸಿಕ್ಕ, ಮೇಲ್ಪದರದಲ್ಲೇ ಇರುವ ಗಡ್ಡೆಯನ್ನು ಎಂಡೋಸ್ಕೋಪಿಯಲ್ಲೇ, ಅಂದರೆ ಬಾಯಿಯಿಂದ ಇಳಿಸುವ ಕ್ಯಾಮೆರಾ ಕೊಳವೆಯಲ್ಲೇ, ಸುಲಿದು ತೆಗೆಯಬಹುದು, ಹೊರಗೆ ಒಂದು ಗಾಯವೂ ಇಲ್ಲದೆ.

ಯಾರಿಗೆ ಅಪಾಯ ಜಾಸ್ತಿ ಎಂಬ ಮಾತು ಬಂದರೆ ಶಿರಸಿಯಲ್ಲಿ ದನಿ ಏರುತ್ತದೆ. ತಂಬಾಕು ಮತ್ತು ಹೆಂಡದ ಬಗ್ಗೆ ವಾದವಿಲ್ಲ. ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್ ಕಾರಕಗಳ ಪಟ್ಟಿಗೆ ಸೇರಿಸಿತು. ಬೆಳೆಗಾರರು ಒಪ್ಪುವುದಿಲ್ಲ. ಊಟದ ಮೇಲಿನ ಕವಳ (ಎಲೆಅಡಿಕೆ) ಬೇರೆ, ಗುಟ್ಕಾ ಬೇರೆ ಎನ್ನುತ್ತಾರೆ. ಆ ಜಗಳ ಇಲ್ಲಿ ತೀರುವುದಲ್ಲ. ಆದರೆ ಕವಳ ಹಾಕುವ ಐವತ್ತು ದಾಟಿದವರಿಗೆ ಅನ್ನ ಎದೆಯಲ್ಲಿ ನಿಂತ ಹಾಗಾದರೆ ಎರಡು ವಾರದೊಳಗೆ ಎಂಡೋಸ್ಕೋಪಿ ಮಾಡಿಸುವುದಕ್ಕೆ ಆ ಜಗಳ ತೀರುವವರೆಗೆ ಕಾಯಬೇಕಿಲ್ಲ.

ಹಾಗಾದರೆ ಆಪರೇಷನ್ನೇ ಬೇಡ ಎಂಬ ಸುದ್ದಿ?

ಇದರ ಮೂಲವೂ ನೆದರ್ಲೆಂಡ್ಸೇ, ಸಾನೋ ಎಂಬ ಪರೀಕ್ಷೆ, 2025ರಲ್ಲಿ ಪ್ರಕಟವಾದದ್ದು. ಕೀಮೋ, ರೇಡಿಯೇಷನ್ ಆದ ಮೇಲೆ ಕೆಲವರಲ್ಲಿ ಗಡ್ಡೆ ಪೂರ್ತಿ ಕರಗಿದಂತೆ ಕಾಣುತ್ತದೆ. ಅಂಥ 309 ರೋಗಿಗಳಲ್ಲಿ ಒಂದು ಗುಂಪಿಗೆ ಎಂದಿನಂತೆ ಆಪರೇಷನ್ ಮಾಡಿದರು, ಇನ್ನೊಂದು ಗುಂಪನ್ನು ಮಾಡದೆ ಕಣ್ಣಿಟ್ಟು ಕಾದರು. ಎರಡು ವರ್ಷದ ನಂತರ ಬದುಕಿದ್ದವರು ಕಾದ ಗುಂಪಿನಲ್ಲಿ ಶೇ. 74, ಆಪರೇಷನ್ ಗುಂಪಿನಲ್ಲಿ ಶೇ. 71. ಅಂದರೆ ಆಯ್ದ ಕೆಲವರಿಗೆ, ಸದ್ಯಕ್ಕೆ, ಕಾಯುವುದರಿಂದ ನಷ್ಟ ಕಂಡಿಲ್ಲ. ‘ಇನ್ನು ಯಾರಿಗೂ ಆಪರೇಷನ್ ಬೇಡ’ ಎಂದು ವಾಟ್ಸಾಪಿನಲ್ಲಿ ಹರಿದದ್ದು ಇದರ ಮುಕ್ಕಾಲು ಭಾಗ ಉದುರಿಸಿಕೊಂಡ ರೂಪ.

ಕಾಯುವುದು ಎಂದರೆ ಮನೆಯಲ್ಲಿ ಕೂರುವುದೂ ಅಲ್ಲ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ನಾಲ್ಕು ತಿಂಗಳಿಗೊಮ್ಮೆ ಎಂಡೋಸ್ಕೋಪಿ, ಬಯಾಪ್ಸಿ, ಸ್ಕ್ಯಾನ್. ಕಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಗಡ್ಡೆ ಅದೇ ಜಾಗದಲ್ಲಿ ಮತ್ತೆ ಕಾಣಿಸಿಕೊಂಡಿತು. ಹೊತ್ತಿಗೆ ಸರಿಯಾಗಿ ನೋಡುತ್ತಿದ್ದದ್ದರಿಂದ ಅವರಲ್ಲಿ ಹೆಚ್ಚಿನವರಿಗೆ ಆಗ ಆಪರೇಷನ್ ಮಾಡಲು ಸಾಧ್ಯವಾಯಿತು. ಜೋಯಿಡಾದ ಒಬ್ಬ ರೋಗಿಯನ್ನು ಈ ಲೆಕ್ಕದಲ್ಲಿ ಇಟ್ಟು ನೋಡಿ. ಅವನ ಎರಡನೆಯ ತಪಾಸಣೆ ಜುಲೈ ಕೊನೆಗೆ ಬರುತ್ತದೆ, ಘಟ್ಟದಲ್ಲಿ ಮಳೆ. ಅವನು ಆ ತಿಂಗಳು ಬರಲಾರ ಎಂದು ಅನಿಸಿದ ವೈದ್ಯರು, ಗಡ್ಡೆ ಕರಗಿದ್ದರೂ, ಈಗಲೇ ಅನ್ನನಾಳ ತೆಗೆಸಿಬಿಡಿ ಎಂದೇ ಹೇಳುತ್ತಾರೆ.